ಗೆರೆಯ ಪಕ್ಕದಲ್ಲಿ ಮೂವತ್ತನಾಲ್ಕು ವರ್ಷ

ಸೈಕಲ್ ರೇಸಿನ ಇತಿಹಾಸ ಬರೆಯುವವರು ಗೆದ್ದವನ ಹೆಸರು ಬರೆಯುತ್ತಾರೆ, ಅವನ ಊರು ಬರೆಯುತ್ತಾರೆ, ಎಷ್ಟು ತಾಸು ಎಷ್ಟು ನಿಮಿಷ ಹಿಡಿಯಿತು ಅಂತಲೂ ಬರೆಯುತ್ತಾರೆ. ಆ ತಾಸು ನಿಮಿಷ ಯಾರ ಕೈಯಲ್ಲಿದ್ದ ಗಡಿಯಾರದ್ದು ಅಂತ ಯಾರೂ ಬರೆಯುವುದಿಲ್ಲ. ಬರೆಯಬೇಕಾದ್ದೂ ಇಲ್ಲ ಅನ್ನಿ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಲೆಕ್ಕ ಸರಿ ಇದ್ದರೆ ಸಾಕು, ಬರೆದ ಗುಮಾಸ್ತನ ಹೆಸರು ಯಾರಿಗೆ ಬೇಕು? ಆದರೆ ಪುಣೆಯಲ್ಲಿ ಮೂವತ್ತನಾಲ್ಕು ವರ್ಷ ಆ ಗಡಿಯಾರ ಹಿಡಿದು ನಿಂತವನು ನಾನು. ಕಳೆದ ವರ್ಷ, ಅಂದರೆ 2025ರಲ್ಲಿ, ಅದನ್ನು ಬೇರೆಯವರ ಕೈಗೆ ಕೊಟ್ಟು ಬಂದೆ. ಊರು ಬಿಟ್ಟು ಬಂದವನಿಗೆ ಆ ಕೆಲಸ ಏನು ಕೊಟ್ಟಿತು ಅನ್ನುವುದನ್ನು ಬರೆದಿಡೋಣ ಅಂತ ಕೂತಿದ್ದೇನೆ.

ನಾನು ಬಿಜಾಪುರ ಜಿಲ್ಲೆಯವನು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಯಿತು, 2014ರ ನವೆಂಬರಿನಿಂದ ಬಿಜಾಪುರ ವಿಜಯಪುರ ಆಯಿತು. ನನ್ನ ಬಾಯಿಗೆ ಮಾತ್ರ ಈಗಲೂ ಬಿಜಾಪುರವೇ ಬರುತ್ತದೆ. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ 1982ರಲ್ಲಿ ಬ್ಯಾಂಕಿಗೆ ಸೇರಿದೆ. 1986ರಲ್ಲಿ ಪುಣೆಗೆ ವರ್ಗವಾಯಿತು. ಆಗ ನಮ್ಮ ಕಡೆಯ ರೈಲು ಮೀಟರ್ ಗೇಜ್. ಸೊಲ್ಲಾಪುರದ ತನಕ ಸಣ್ಣ ಗಾಡಿಯಲ್ಲಿ ಬಂದು, ಅಲ್ಲಿ ಟ್ರಂಕು ಹೊತ್ತು ದೊಡ್ಡ ಗಾಡಿ ಹತ್ತಬೇಕು. ಪುಣೆ ನಮಗೆ ತೀರ ಪರಕೀಯ ಊರಲ್ಲ. ಬೇಂದ್ರೆಯವರು 1918ರಲ್ಲಿ ಬಿ.ಎ. ಮಾಡಿದ್ದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ. ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಕುಂದಗೋಳದ ತಮ್ಮ ಗುರುಗಳ ಹೆಸರಿನಲ್ಲಿ ಸವಾಯಿ ಗಂಧರ್ವ ಉತ್ಸವ ಶುರು ಮಾಡಿದ್ದೂ ಇಲ್ಲೇ. ಆದರೂ ಬಾಡಿಗೆ ಖೋಲಿಯ ಬೀಗ ತೆಗೆದು ಒಬ್ಬನೇ ಒಳಗೆ ಹೋಗುವಾಗ ಬೇಂದ್ರೆಯವರಾಗಲಿ ಜೋಶಿಯವರಾಗಲಿ ಜತೆಗೆ ಬರುವುದಿಲ್ಲವಲ್ಲ.

ಪುಣೆ ಅಂದರೆ ಸೈಕಲ್ಲಿನ ಊರು ಅಂತ ಹೆಸರಿತ್ತು. ನಾನು ಬಂದಾಗ ಅದರ ಕೊನೆಯ ದಿನಗಳು. ಬೆಳಗಿನ ಪಾಳಿಗೆ ಖಡ್ಕಿಯ ಮದ್ದುಗುಂಡು ಕಾರ್ಖಾನೆಯತ್ತ ಹೋಗುವವರು, ಕಾಲೇಜಿನ ಹುಡುಗಿಯರು, ಪ್ರೊಫೆಸರರು, ಹಾಲಿನವರು ಎಲ್ಲರೂ ಸೈಕಲ್ ಮೇಲೆಯೇ. ಆಕುರ್ಡಿಯ ಬಜಾಜ್ ಕಾರ್ಖಾನೆಯಿಂದ 1972ರಿಂದ ಬರತೊಡಗಿದ ಚೇತಕ್ ಸ್ಕೂಟರುಗಳು ಒಂದೊಂದಾಗಿ ಆ ಸೈಕಲ್ಲುಗಳನ್ನು ಮನೆಯ ಹಿತ್ತಲಿಗೆ ತಳ್ಳುತ್ತಿದ್ದವು. ನಾನೂ ಕಂತಿನ ಮೇಲೆ ಒಂದು ಅಟ್ಲಾಸ್ ಸೈಕಲ್ ತೊಗೊಂಡಿದ್ದೆ. ಅಟ್ಲಾಸ್ ಕಂಪನಿ 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದದ್ದು. 2020ರ ಜೂನ್ 3ರಂದು ಸಾಹಿಬಾಬಾದಿನ ಅದರ ಕಾರ್ಖಾನೆ ಮುಚ್ಚಿತು ಅಂತ ಓದಿದಾಗ ಹಳೇ ಗೆಳೆಯನ ಸಾವಿನ ಸುದ್ದಿ ಓದಿದ ಹಾಗಾಯಿತು.

ರೇಸಿನ ಕೆಲಸ ನನ್ನ ಕೊರಳಿಗೆ ಬಿದ್ದದ್ದು 1991ರಲ್ಲಿ. ನಮ್ಮ ಶಾಖೆಯ ಹೆಡ್ ಕ್ಯಾಶಿಯರ್ ಒಬ್ಬರು ಹರೆಯದಲ್ಲಿ ಮುಂಬಯಿ–ಪುಣೆ ರೇಸ್ ಓಡಿದವರು. ಒಂದು ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಹೊರಟಾಗ, "ನಿಮಗೆ ಅಂಕಿ ಚಲೋ ಬರ್ತಾವ, ನಾಳೆ ಬೆಳಿಗ್ಗೆ ಐದಕ್ಕೆ ಬನ್ನಿ, ಬರೆಯೋದಕ್ಕ ಒಬ್ಬರು ಬೇಕು" ಅಂತ ಮರಾಠಿಯಲ್ಲಿ ಹೇಳಿದರು. ಭಾನುವಾರ ಮಾಡಲು ನನಗೆ ಬೇರೆ ಕೆಲಸವೇನೂ ಇರಲಿಲ್ಲ. ಹೋದೆ. ಸಂಬಳ ಇಲ್ಲ. ಒಂದು ಬಿಳಿ ಟೋಪಿ, ಒಂದು ಪ್ಲೇಟು ಪೋಹೆ, ಎರಡು ಕಪ್ ಚಹಾ, ಹೊರಗಿನ ಊರಾದರೆ ಬಸ್ ಚಾರ್ಜು. ಅಲ್ಲಿಂದ ಮುಂದೆ ನಡುವೆ ಎರಡು ಸಲ ಬೇರೆ ಊರಿಗೆ ವರ್ಗವಾದರೂ ರೇಸ್ ಇದ್ದ ವಾರ ರಾತ್ರಿ ಬಸ್ಸು ಹಿಡಿದು ಬರುತ್ತಿದ್ದೆ.

ಮುಂಬಯಿ–ಪುಣೆ ರೇಸ್ ಅಂದರೆ ಈ ಭಾಗದ ಸೈಕಲ್ ಪಟುಗಳಿಗೆ ಜಾತ್ರೆ ಇದ್ದ ಹಾಗೆ. ಹಳೇ ಹೆದ್ದಾರಿಯಲ್ಲಿ ನೂರೈವತ್ತು ಕಿಲೋಮೀಟರಿನ ಆಸುಪಾಸು. ಖೋಪೋಲಿಯ ತನಕ ಗುಂಪು ಗುಂಪಾಗಿ ಬರುವವರು ಬೋರ್ ಘಾಟಿನಲ್ಲಿ ಚೆಲ್ಲಾಪಿಲ್ಲಿ ಆಗುತ್ತಾರೆ. ಕೆಲವೇ ಕಿಲೋಮೀಟರಿನಲ್ಲಿ ಸುಮಾರು 500 ಮೀಟರ್ ಏರು. ದೂರದ ಬೆಟ್ಟ ನುಣ್ಣಗೆ ಅನ್ನುವ ಮಾತಿನ ಅರ್ಥ ಅಲ್ಲಿ ತಿಳಿಯುತ್ತದೆ. ಮೊದಲು ಮೇಲೆ ಮುಟ್ಟಿದವನಿಗೆ 'ಘಾಟಾಚಾ ರಾಜಾ' ಅಂತ ಬಿರುದು. ಪುಣೆಯಲ್ಲಿ ಗೆದ್ದವನನ್ನು ಜನ ಮರೆತರೂ ಘಾಟಿನ ರಾಜನನ್ನು ಮರೆಯುವುದಿಲ್ಲ.

ಆ ಘಾಟಿನ ಹಳೇ ರಸ್ತೆಯಲ್ಲಿ ಶಿಂಗ್ರೋಬಾ ಅನ್ನುವ ಒಂದು ಗುಡಿ ಇದೆ. ಇಂಗ್ಲಿಷ್ ಎಂಜಿನಿಯರುಗಳಿಗೆ ಘಾಟಿನಲ್ಲಿ ದಾರಿ ಸಿಗದೆ ಇದ್ದಾಗ ಒಬ್ಬ ಧನಗರ, ಅಂದರೆ ನಮ್ಮ ಕಡೆಯ ಕುರುಬ, ಕುರಿ ಕಾಯುವಾಗ ತಾನು ಕಂಡ ಜಾಡು ತೋರಿಸಿದನಂತೆ. ಇನಾಮು ಏನು ಬೇಕು ಅಂತ ಕೇಳಿದರೆ, ನಮ್ಮ ನಾಡು ನಮಗೆ ಬಿಟ್ಟು ಹೋಗಿ ಅಂದನಂತೆ, ಗುಂಡು ಹಾಕಿದರಂತೆ. ಜನರ ಬಾಯಲ್ಲಿರುವ ಕಥೆ ಇದು. 1863ರಲ್ಲಿ ಘಾಟಿನ ರೈಲು ಶುರುವಾಯಿತು ಅನ್ನುವುದು ಮಾತ್ರ ಕಾಗದದ ಮೇಲಿನ ಇತಿಹಾಸ. ದಾರಿ ತೋರಿಸಿದವನ ಗುಡಿಯ ಮುಂದೆ ಲಾರಿಯವರು ಈಗಲೂ ನಾಣ್ಯ ಎಸೆಯುತ್ತಾರೆ. ನಾನೂ ಪ್ರತಿ ಸಲ ಜೀಪಿನಿಂದ ಒಂದು ರೂಪಾಯಿ ಎಸೆದಿದ್ದೇನೆ.

ಇನ್ನು ನಮ್ಮ ಕೆಲಸದ ಇತಿಹಾಸಕ್ಕೆ ಬರೋಣ. ಊರಿಂದ ಊರಿಗೆ ಸೈಕಲ್ ರೇಸ್ ಅಂತ ಮೊದಲು ನಡೆದದ್ದು 1869ರ ನವೆಂಬರ್ 7ರಂದು, ಪ್ಯಾರಿಸಿನಿಂದ ರುವಾಂ ಪಟ್ಟಣದ ತನಕ, 123 ಕಿಲೋಮೀಟರ್. ಗೆದ್ದ ಜೇಮ್ಸ್ ಮೂರ್‌ಗೆ ಹತ್ತು ತಾಸಿಗೂ ಮಿಕ್ಕಿ ಹಿಡಿಯಿತು. ರೇಸ್ ಹುಟ್ಟಿದ ದಿನವೇ ಮೋಸದ ಸಂಶಯವೂ ಹುಟ್ಟಿರಬೇಕು. 1903ರಲ್ಲಿ ಶುರುವಾದ ಟೂರ್ ದ ಫ್ರಾನ್ಸ್ ಎರಡನೇ ವರ್ಷಕ್ಕೇ ಮುಳುಗುವ ಹಾಗಾಯಿತು. ಕತ್ತಲಲ್ಲಿ ರೈಲು ಹತ್ತಿದರು, ಮೋಟಾರಿಗೆ ಜೋತು ಬಿದ್ದರು ಅಂತ ದೂರುಗಳು ಬಂದವು. ವಿಚಾರಣೆ ನಡೆದು ನಾಲ್ಕು ತಿಂಗಳ ಮೇಲೆ ಮೊದಲ ನಾಲ್ವರನ್ನೂ ಅಲ್ಲಿನ ಸೈಕಲ್ ಸಂಘ ಪಟ್ಟಿಯಿಂದ ತೆಗೆದು ಹಾಕಿತು. ಐದನೆಯವನಾಗಿ ಬಂದಿದ್ದ ಆಂರಿ ಕೊರ್ನೆ, ಓಟ ಮುಗಿದಾಗ ಇಪ್ಪತ್ತು ವರ್ಷವೂ ತುಂಬದಿದ್ದವನು, ವಿಜೇತ ಅಂತ ಘೋಷಣೆಯಾಯಿತು. ಟೂರ್ ಗೆದ್ದವರಲ್ಲಿ ಇವತ್ತಿಗೂ ಅವನೇ ಎಲ್ಲರಿಗಿಂತ ಚಿಕ್ಕವನು. ಮೊದಲ ನಾಲ್ವರನ್ನು ತೆಗೆದು ಹಾಕಲು ಎಷ್ಟು ಎದೆಗಾರಿಕೆ ಬೇಕಾಗಿತ್ತೋ ಯೋಚಿಸಿ. ಆ ತೀರ್ಪು ಬರದಿದ್ದರೆ ಟೂರ್ ಅನ್ನುವ ಹೆಸರಿಗೆ ಇವತ್ತಿನ ಬೆಲೆ ಬರುತ್ತಿರಲಿಲ್ಲ ಅಂತ ನನ್ನ ಎಣಿಕೆ.

ನಮ್ಮ ದೇಶದಲ್ಲಿ ಈ ಆಟಕ್ಕೊಂದು ಸಂಘ ಕಟ್ಟಿದವರು ಜಾನಕೀದಾಸ್ ಮತ್ತು ಮುಂಬಯಿಯ ಸೊಹ್ರಾಬ್ ಭೂತ್. ಜಾನಕೀದಾಸ್ 1938ರಲ್ಲಿ ಸಿಡ್ನಿಯ ಎಂಪೈರ್ ಕ್ರೀಡೆಗೆ ಹೋದವರು. ಹಳೇ ಹಿಂದಿ ಸಿನೆಮಾ ನೋಡಿದವರಿಗೆ ಅವರ ಮುಖ ಗೊತ್ತು, ಮುಂದೆ ಎಷ್ಟೋ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದರು. 1948ರ ಲಂಡನ್ ಒಲಿಂಪಿಕ್ಸಿಗೆ ನಮ್ಮ ಸೈಕಲ್ ತಂಡ ಹೋಯಿತು, 1952ರಲ್ಲಿ ಹೆಲ್ಸಿಂಕಿಗೆ, 1964ರಲ್ಲಿ ಟೋಕಿಯೋಗೆ. ಆಮೇಲೆ ಇಲ್ಲಿಯ ತನಕ ಒಲಿಂಪಿಕ್ಸಿನ ಸೈಕಲ್ ಸ್ಪರ್ಧೆಯಲ್ಲಿ ಭಾರತದ ಹೆಸರಿಲ್ಲ. ಹಾಗಾದರೆ ಇಷ್ಟು ಹುಡುಗರು ಯಾಕೆ ಬೆವರು ಸುರಿಸುತ್ತಾರೆ ಅಂತ ನೀವು ಕೇಳಬಹುದು. ಅದಕ್ಕೆ ಮುಂದೆ ಬರುತ್ತೇನೆ.

ರೇಸಿನ ತೀರ್ಪುಗಾರನಿಗೆ ಫ್ರೆಂಚ್ ಮಾತಿನಲ್ಲಿ 'ಕಮಿಸೇರ್' ಅನ್ನುತ್ತಾರೆ. ನಮ್ಮ ಹುಡುಗರ ಬಾಯಲ್ಲಿ ಅದು ಕಮಿಷನರ್ ಆಗಿ, ಹೊಸಬರು ಪೊಲೀಸ್ ಕಮಿಷನರೇ ಬಂದರು ಅಂತ ಹೆದರಿದ್ದೂ ಉಂಟು. ಕೆಲಸ ಏನಪ್ಪಾ ಅಂದರೆ, ಬೆಳಿಗ್ಗೆ ಸೈಕಲ್ ತಪಾಸಣೆ, ಬೆನ್ನಿಗೆ ನಂಬರು ಪಿನ್ ಮಾಡಿಸುವುದು, ಜೂನಿಯರ್ ಹುಡುಗರ ಗೇರು ಅಳೆಯುವುದು. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ 7.93 ಮೀಟರಿಗಿಂತ ಮುಂದೆ ಹೋಗಬಾರದು ಅಂತ ನಿಯಮವಿತ್ತು. ಬೆಳೆಯುವ ಮೊಣಕಾಲು ಹಾಳಾಗಬಾರದು ಅಂತ ಮಾಡಿದ್ದು. ನೆಲದ ಮೇಲೆ ಸುಣ್ಣದಲ್ಲಿ ಎರಡು ಗೆರೆ ಹಾಕಿ, ಸೈಕಲ್ಲನ್ನು ಹಿಂದಕ್ಕೆ ಉರುಳಿಸಿ ನೋಡುತ್ತಿದ್ದೆವು. 2023ರಿಂದ ಅಂತರರಾಷ್ಟ್ರೀಯ ಸಂಸ್ಥೆ ಆ ಮಿತಿ ತೆಗೆಯಿತು.

ಎಲ್ಲಕ್ಕಿಂತ ದೊಡ್ಡದು ಮುಕ್ತಾಯದ ಗೆರೆ. 72 ಸೆಂಟಿಮೀಟರ್ ಅಗಲದ ಬಿಳಿ ಪಟ್ಟಿ, ಅದರ ನಟ್ಟ ನಡುವೆ 4 ಸೆಂಟಿಮೀಟರಿನ ಕರಿ ಗೆರೆ. ಮುಂದಿನ ಗಾಲಿಯ ಟೈರು ಆ ಗೆರೆಯ ನೇರಕ್ಕೆ ಬಂದ ಕ್ಷಣವೇ ಲೆಕ್ಕ. ಸವಾರನ ತಲೆ ಅಲ್ಲ, ಎದೆ ಅಲ್ಲ, ಕೈ ಅಲ್ಲ, ಟೈರು. ಮೂರು ಜನ ಮೂರು ಗಡಿಯಾರ ಒತ್ತುತ್ತಿದ್ದೆವು. ಎರಡು ಒಂದೇ ತೋರಿಸಿದರೆ ಅದು, ಮೂರೂ ಬೇರೆಯಾದರೆ ನಡುವಿನದು. ಒಬ್ಬ ನಂಬರು ಕೂಗುವುದು, ಇನ್ನೊಬ್ಬ ಬರೆಯುವುದು, ಪಕ್ಕದಲ್ಲಿ ಒಂದು ಟೇಪ್ ರೆಕಾರ್ಡರ್. ಬ್ಯಾಂಕಿನಲ್ಲಿ ಸಂಜೆ ಒಬ್ಬ ವೋಚರ್ ಓದಿ ಇನ್ನೊಬ್ಬ ಲೆಡ್ಜರಿಗೆ ಟಿಕ್ ಹಾಕುವುದೂ ಇದೇ ತಾನೆ? ಗುಂಪಾಗಿ ಬಂದವರಿಗೆಲ್ಲ ಒಂದೇ ಸಮಯ, ಕ್ರಮಾಂಕ ಮಾತ್ರ ಬೇರೆ ಬೇರೆ. ನಲವತ್ತು ಜನ ಮೂರು ಸೆಕೆಂಡಿನಲ್ಲಿ ಹಾದು ಹೋದರೂ ಸಂಜೆಗೆ ಟ್ಯಾಲಿ ಆಗಲೇಬೇಕು.

ಇಲ್ಲಿ ಒಂದು ಭಾಷೆಯ ತೊಡಕು. ಮರಾಠಿಯಲ್ಲಿ ಐವತ್ತೊಂಬತ್ತಕ್ಕೆ 'ಏಕೋಣಸಾಠ', ಅಂದರೆ ಅರವತ್ತಕ್ಕೆ ಒಂದು ಕಮ್ಮಿ. ಗದ್ದಲದಲ್ಲಿ 'ಸಾಠ' ಮಾತ್ರ ಕೇಳಿಸಿದರೆ 59ನೇ ನಂಬರಿನವನ ಜಾಗದಲ್ಲಿ 60ನೆಯವನು ಬಂದು ಕೂರುತ್ತಾನೆ. ಅದಕ್ಕೆ ನಾವು ಅಂಕಿಗಳನ್ನು ಬಿಡಿಬಿಡಿಯಾಗಿ, 'ಐದು, ಒಂಬತ್ತು' ಅಂತ ಹೇಳುವ ಪದ್ಧತಿ ಇಟ್ಟುಕೊಂಡಿದ್ದೆವು. ಬಾಯಲ್ಲಿ ಮರಾಠಿ, ಹಾಳೆಯ ಮೇಲೆ ಇಂಗ್ಲಿಷ್. ಮನಸ್ಸಿನಲ್ಲಿ ಮಾತ್ರ ನಾನು ಸೆಕೆಂಡು ಎಣಿಸುತ್ತಿದ್ದದ್ದು ಕನ್ನಡದಲ್ಲಿ. ನಲವತ್ತು ವರ್ಷ ಹೊರಗಿದ್ದರೂ ಎಣಿಕೆಯ ಭಾಷೆ ಬದಲಾಗಲಿಲ್ಲ. ನೋಟು ಎಣಿಸುವಾಗಲೂ ಅಷ್ಟೇ.

ಈಗ ಹುಡುಗರ ಮಾತು. ಬಿಜಾಪುರ, ಬಾಗಲಕೋಟೆ, ಜಮಖಂಡಿ, ಮುಧೋಳದ ಕಡೆ ಸೈಕಲ್ ರೇಸಿನ ಹುಚ್ಚು ಎಷ್ಟು ಅಂತ ಆ ಭಾಗದವರಿಗೇ ಗೊತ್ತು. ಜಾತ್ರೆಯಲ್ಲಿ ತೆರಬಂಡಿ, ಕುಸ್ತಿ, ಭಾರ ಎತ್ತುವುದು, ಅದರ ಜತೆಗೆ ಸೈಕಲ್ ಓಟ. ಸಮತಟ್ಟಾದ ಎರೆಭೂಮಿ, ಕಣ್ಣು ಹಾಯುವಷ್ಟು ದೂರ ನೆಟ್ಟಗಿನ ರಸ್ತೆ, ಎದುರಿಗೆ ಬೀಸುವ ಗಾಳಿ. ವಿಜಯಪುರ, ಬಾಗಲಕೋಟೆಗಳ ಕ್ರೀಡಾ ನಿಲಯಗಳಿಂದ ರಾಷ್ಟ್ರೀಯ ತಂಡಗಳಿಗೆ ಹೋದ ಹುಡುಗ ಹುಡುಗಿಯರು ಎಷ್ಟೋ ಜನ. ಅವರಿಗೆ ಒಲಿಂಪಿಕ್ಸ್ ಕನಸು ಇರಲಿ ಬಿಡಲಿ, ಇನ್ನೊಂದು ಕನಸು ಖಂಡಿತ ಇರುತ್ತದೆ. ಅದು ಕ್ರೀಡಾ ಕೋಟಾದ ನೌಕರಿ. ರೈಲ್ವೆ, ಸೈನ್ಯ, ಪೊಲೀಸ್. ರಾಷ್ಟ್ರಮಟ್ಟದಲ್ಲಿ ಮೊದಲ ಮೂರರಲ್ಲಿ ಬಂದರೆ ಆ ಸರ್ಟಿಫಿಕೇಟಿಗೆ ತೂಕ ಜಾಸ್ತಿ. ಮಳೆ ನಂಬಿದ ನಾಲ್ಕೆಕರೆ ಹೊಲದ ಮನೆಗೆ ಆ ಕಾಗದ ಅಂದರೆ ಒಂದು ಬಾವಿ ತೋಡಿದ ಹಾಗೆ. ಅಂದಮೇಲೆ ನಾವು ಕಾಯುತ್ತಿದ್ದ ಆ 4 ಸೆಂಟಿಮೀಟರಿನ ಗೆರೆ ಬರೀ ಬಣ್ಣದ ಗೆರೆ ಅಲ್ಲ.

1998ರ ಸುಮಾರಿಗೆ ಮಹಾರಾಷ್ಟ್ರದಲ್ಲಿ ಒಂದು ರಾಷ್ಟ್ರಮಟ್ಟದ ಜೂನಿಯರ್ ಓಟ. ಆಗ ನಮ್ಮ ಹತ್ತಿರ ಫೋಟೋ ಫಿನಿಶ್ ಕ್ಯಾಮೆರಾ ಇರಲಿಲ್ಲ. ಮೂರನೇ ಸ್ಥಾನಕ್ಕೆ ಇಬ್ಬರು ಜೋಡಿಯಾಗಿ ಬಂದರು, ಒಬ್ಬ ನಮ್ಮ ಬಾಗಲಕೋಟೆ ಕಡೆಯವನು. ಗೆರೆಯ ಎರಡೂ ಬದಿಗೆ ಕೂತ ನಾವಿಬ್ಬರು ಒಬ್ಬರನ್ನೊಬ್ಬರು ಕೇಳದೆ ಬರೆದು ಮುಖ್ಯ ತೀರ್ಪುಗಾರರ ಕೈಗೆ ಕೊಟ್ಟೆವು. ಎರಡೂ ಚೀಟಿಯಲ್ಲಿ ಒಂದೇ ನಂಬರು. ನಮ್ಮ ಹುಡುಗ ನಾಲ್ಕನೆಯವನು. ಅಂತರ ಒಂದು ಟೈರಿನ ದಪ್ಪದಷ್ಟು.

ಅರ್ಧ ತಾಸಿನ ಮೇಲೆ ಅವನು ನನ್ನನ್ನು ಹುಡುಕಿಕೊಂಡು ಬಂದ. ಯಾರೋ ಹೇಳಿದ್ದರು ಅಂತ ಕಾಣುತ್ತದೆ.

"ಕಾಕಾ, ನೀವು ನಮ್ಮ ಕಡೀಯವರು ಅದೀರಂತ. ಗಾಲಿ ನಂದ ಮುಂದಿತ್ತರಿ. ಒಂಚೂರ ನೋಡ್ರಿ."

"ತಮ್ಮಾ, ನೋಡೇ ಬರದೀನಿ," ಅಂದೆ. "ನಿನ್ನ ತಲಿ ಮುಂದಿತ್ತು, ಗಾಲಿ ಹಿಂದಿತ್ತು."

ಅವನು ಜಗಳ ಆಡಲಿಲ್ಲ, ಅಳಲೂ ಇಲ್ಲ. "ಆತ್ರಿ" ಅಂದು ಸೈಕಲ್ ತಳ್ಳಿಕೊಂಡು ಹೋದ. ಹಿಂದಿನ ಟೈರು ತೇಪೆ ಹಾಕಿದ್ದು. ಮುಂದೆ ಅವನಿಗೆ ನೌಕರಿ ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಚೀಟಿಯಲ್ಲಿ ಬರೆದದ್ದು ಸರಿ. ಇವತ್ತು ಬರೆದರೂ ಅದೇ ನಂಬರು ಬರೆಯುತ್ತೇನೆ. ಆದರೂ ಆ "ಆತ್ರಿ" ಮಾತ್ರ ಕಿವಿಯಿಂದ ಹೋಗಿಲ್ಲ.

ಆ ದಿನದಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಪರ ಊರಿನಲ್ಲಿ ನಮ್ಮವರು ಅಂತ ಹತ್ತಿರ ಸೇರುವುದು ಸಹಜ. ಸಂಘ ಕಟ್ಟುತ್ತೇವೆ, ರಾಜ್ಯೋತ್ಸವ ಮಾಡುತ್ತೇವೆ, ಇಡ್ಲಿ ತಿನ್ನುತ್ತ ಊರಿನ ಸುದ್ದಿ ಹೇಳುತ್ತೇವೆ. ಅದು ಬೇಕು. ಆದರೆ ಪರ ಊರಿನವರು ನಮ್ಮನ್ನು ತಮ್ಮವರು ಅನ್ನುವುದು ಬೇರೆ ಕಾರಣಕ್ಕೆ. ಇಲ್ಲಿನ ಹುಡುಗರು ನನ್ನನ್ನು 'ಕಾನಡೀ ಕಾಕಾ' ಅನ್ನುತ್ತಿದ್ದರು. ಮೊದಮೊದಲು ಅದರಲ್ಲಿ ಸಣ್ಣ ಚೇಷ್ಟೆ ಇತ್ತು. ಬರುಬರುತ್ತ, "ಕಾನಡೀ ಕಾಕಾ ಬರೆದಿದ್ದಾರಾ? ಹಾಗಾದರೆ ಸರಿ" ಅನ್ನುವ ಮಟ್ಟಕ್ಕೆ ಬಂತು. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಗಡಿ ತಕರಾರು ಮತ್ತೆ ಎದ್ದು ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆ ಭಾನುವಾರ ಹೋಗಬೇಡಿ ಅಂದಳು ಹೆಂಡತಿ. ಹೋದೆ. ಯಾರೂ ಆ ಮಾತು ಎತ್ತಲಿಲ್ಲ. ಒಬ್ಬ ಹುಡುಗನ ತಂದೆ ಮಾತ್ರ ಥರ್ಮಾಸಿನಿಂದ ಚಹಾ ಬಗ್ಗಿಸಿ ನನಗೆ ಮೊದಲು ಕೊಟ್ಟರು.

ಈ ಮೂವತ್ತನಾಲ್ಕು ವರ್ಷದಲ್ಲಿ ಎಲ್ಲ ಬದಲಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ವೃತ್ತಿಪರ ಸವಾರರನ್ನು ಬಿಟ್ಟುಕೊಂಡ ಮೇಲೆ ಹವ್ಯಾಸಿ ಅನ್ನುವ ಗೆರೆಯೇ ಅಳಿಸಿತು. 2002ರಲ್ಲಿ ಎಕ್ಸ್‌ಪ್ರೆಸ್‌ವೇ ಪೂರ್ತಿಯಾಗಿ ಕಾರುಗಳು ಅತ್ತ ಹೋದವು, ಆದರೆ ಹಳೇ ರಸ್ತೆಯ ಗದ್ದಲ ಕಮ್ಮಿಯಾದದ್ದು ಸ್ವಲ್ಪ ದಿನ ಮಾತ್ರ. ಘಾಟಿನಲ್ಲಿ ನಮಗೆ ಗುರುತಾಗಿದ್ದ ಇಂಗ್ಲಿಷರ ಕಾಲದ ಅಮೃತಾಂಜನ ಸೇತುವೆಯನ್ನು 2020ರ ಏಪ್ರಿಲ್ 5ರಂದು, ಲಾಕ್‌ಡೌನಿನಲ್ಲಿ ರಸ್ತೆ ಖಾಲಿ ಇದ್ದಾಗ, ಸ್ಫೋಟಿಸಿ ಕೆಡವಿದರು. ಹಿತ್ತಲು ಸೇರಿದ ಹಳೇ ಸೈಕಲ್ಲುಗಳು ಈಗ ಕರ್ವೆನಗರದ ವಿಕ್ರಮ್ ಪೆಂಡ್ಸೆ ಸೈಕಲ್ ಮ್ಯೂಸಿಯಮ್ಮಿನಲ್ಲಿ ನೋಡಲು ಸಿಗುತ್ತವೆ. ದೊಡ್ಡ ರೇಸುಗಳಲ್ಲಿ ಸೈಕಲ್ಲಿಗೆ ಚಿಪ್ ಕಟ್ಟುತ್ತಾರೆ, ಗೆರೆ ದಾಟಿದ ಕ್ಷಣಕ್ಕೆ ಪಟ್ಟಿ ಕಂಪ್ಯೂಟರಿನಲ್ಲಿ ತಯಾರು. ಕ್ಯಾಮೆರಾ ಟೈರಿನ ದಪ್ಪ ಅಳೆದು ಹೇಳುತ್ತದೆ. ಅದು ಒಳ್ಳೆಯದೇ. ಹದಿನೇಳರ ಹುಡುಗನೊಬ್ಬ ಕಾಕಾನ ಕಣ್ಣು ನಂಬಬೇಕಾದ ಕಾಲ ಹೋಯಿತಲ್ಲ, ಅದು ಹೋಗಬೇಕಾದದ್ದೇ.

2019ರಲ್ಲಿ ಬ್ಯಾಂಕಿನಿಂದ ನಿವೃತ್ತನಾದಾಗ ಹಾರ, ಶಾಲು, ಭಾಷಣ ಎಲ್ಲ ಆಯಿತು. ಅಲ್ಲಿ ನಿವೃತ್ತಿಗೆ ತಾರೀಖು ಇರುತ್ತದೆ. ರೇಸಿನ ಕೆಲಸಕ್ಕೆ ತಾರೀಖು ಇಲ್ಲ, ನಾವೇ ಹಾಕಿಕೊಳ್ಳಬೇಕು. ಎಡಗಣ್ಣಿಗೆ ಪೊರೆ ಬಂದು ಆಪರೇಶನ್ ಆದ ಮೇಲೆ ನೋಟ ಚೆನ್ನಾಗಿಯೇ ಇದೆ. ಆದರೂ ಸಂಶಯ ಬರುವ ಮೊದಲೇ ಏಳಬೇಕು, ಸಂಶಯ ಬಂದ ಮೇಲೆ ಅಲ್ಲ. ಬ್ಯಾಂಕಿನ ಪದ್ಧತಿಯಂತೆ ಚಾರ್ಜ್ ಪಟ್ಟಿ ಮಾಡಿದೆ: ಸ್ಟಾಪ್‌ವಾಚ್ 3, ಬಾವುಟ 2, ಕೊನೇ ಸುತ್ತಿನ ಗಂಟೆ 1, ಸೀಟಿ 1, ಅಳತೆ ಟೇಪು 1, ಪಿನ್ನಿನ ಡಬ್ಬಿ 1, ರಿಜಿಸ್ಟರ್ 11. ಅದಕ್ಕೆ ಸಹಿ ಹಾಕಿ ತೊಗೊಂಡವಳು ಒಬ್ಬ ಮರಾಠಿ ಹುಡುಗಿ, ಹಿಂಜೆವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ತಾನೂ ರೇಸ್ ಓಡಿದವಳು. ಎಲ್ಲವನ್ನೂ ಎಣಿಸಿ ನೋಡಿಯೇ ಸಹಿ ಹಾಕಿದಳು. ಅದು ನನಗೆ ಬಹಳ ಹಿಡಿಸಿತು.

2026ರ ಜನವರಿಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ನಡೆಯಿತು. 437 ಕಿಲೋಮೀಟರಿನ, ಐದು ದಿನಗಳ ಅಂತರರಾಷ್ಟ್ರೀಯ ಓಟ, ವಿದೇಶಿ ತಂಡಗಳು, ಹೆಲ್ಮೆಟ್ಟು ಹಾಕಿದ ಮೋಟಾರ್‌ಸೈಕಲ್ ತೀರ್ಪುಗಾರರು. ನಾನು ಫುಟ್‌ಪಾತಿನ ಮೇಲೆ ಜನರ ನಡುವೆ ನಿಂತಿದ್ದೆ. ಸುತ್ತಲಿನವರು ಚಪ್ಪಾಳೆ ತಟ್ಟುತ್ತಿದ್ದರು. ತೀರ್ಪುಗಾರ ಚಪ್ಪಾಳೆ ತಟ್ಟಬಾರದು ಅನ್ನುವುದು ನಮ್ಮ ಮೊದಲ ಪಾಠ, ಕೈ ಮೇಲೇಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೊನೆಯ ಸವಾರ ಹಾದು ಹೋಗುವ ತನಕ ತಟ್ಟಿದೆ.

ಮೊನ್ನೆ ಆ ಹುಡುಗಿ ಫೋನ್ ಮಾಡಿದ್ದಳು. ಹಳೇ ರಿಜಿಸ್ಟರುಗಳನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾಳಂತೆ. ಕೆಲವು ಪುಟಗಳಲ್ಲಿ ನಂಬರಿನ ಎದುರು ಪೆನ್ಸಿಲ್ಲಿನಿಂದ ಏನೋ ಬೇರೆ ಲಿಪಿಯಲ್ಲಿ ಬರೆದಿದೆ, ಇದು ಫಲಿತಾಂಶದ ಭಾಗವೇ, ಇಡಲೋ ತೆಗೆಯಲೋ ಅಂತ ಕೇಳಿದಳು. ಫಲಿತಾಂಶಕ್ಕೆ ಸಂಬಂಧವಿಲ್ಲ ಅಂದೆ. ಓಟ ಮುಗಿದು, ಪಟ್ಟಿಗೆ ಸಹಿಯಾದ ಮೇಲೆ, ನಮ್ಮ ಕಡೆಯ ಹುಡುಗರ ಊರು ಕೇಳಿಕೊಂಡು ನಾನು ಬರೆದಿಡುತ್ತಿದ್ದೆ: ತಿಕೋಟಾ, ಬೀಳಗಿ, ಜಮಖಂಡಿ, ಹುನಗುಂದ, ಇಂಡಿ. ಅವಳು ಒಂದೊಂದಾಗಿ ಓದಿಸಿಕೊಂಡು ಮರಾಠಿಯಲ್ಲಿ ಪಕ್ಕದಲ್ಲೇ ಬರೆದುಕೊಂಡಳು.